ಒಂದು ವಾರದ ಬದುಕು, ಒಂದು ಕಾರ್ಡಿನ ಮೇಲೆ

ನಿಮ್ಮ ಅಡಿಗೆಮನೆಯ ಗೋಡೆಯ ಮೇಲಿನ ಕ್ಯಾಲೆಂಡರನ್ನು ಒಮ್ಮೆ ನೋಡಿ. ಹಾಲಿನವನು ಬಾರದ ದಿನಕ್ಕೆ ಒಂದು ಸೊನ್ನೆ, ಅರ್ಧ ಲೀಟರು ಹೆಚ್ಚಿಗೆ ಹಾಕಿಸಿಕೊಂಡ ದಿನಕ್ಕೆ ಒಂದು ಗೀಟು, ಹೊಸ ಗ್ಯಾಸ್ ಸಿಲಿಂಡರು ಹಾಕಿದ ತಾರೀಖಿನ ಸುತ್ತ ಒಂದು ಚೌಕ. ಮನೆಯಲ್ಲಿ ಮತ್ತಾರಿಗೂ ಅರ್ಥವಾಗದ ಹಾಗೆ ಮೂಲೆಯಲ್ಲೊಂದು ಚುಕ್ಕಿ. ಅದೇನೆಂದು ನಾನು ಬಿಡಿಸಿ ಹೇಳಬೇಕಿಲ್ಲ. ಇದನ್ನೆಲ್ಲ ಯಾರೂ ನಮಗೆ ಹೇಳಿಕೊಡಲಿಲ್ಲ. ಆದರೆ ಹೀಗೆ ಬದುಕನ್ನು ಗುರುತುಗಳಲ್ಲಿ ಬರೆದಿಡುವುದಕ್ಕೆ ಈಗ 'ಮಾಹಿತಿ ವಿನ್ಯಾಸ' ಎಂಬ ದೊಡ್ಡ ಹೆಸರಿದೆ. ಅದನ್ನೇ ಕಸುಬು ಮಾಡಿಕೊಂಡವರೂ ಇದ್ದಾರೆ. ಅಂಥ ಇಬ್ಬರು ಹೆಂಗಸರ ಕತೆ ಕೇಳಿ.

ಜಾರ್ಜಿಯಾ ಲೂಪಿ ಇಟಲಿಯವರು, ನ್ಯೂಯಾರ್ಕಿಗೆ ಹೋಗಿ ನೆಲೆಸಿದವರು. ಸ್ಟೆಫನಿ ಪೊಸಾವೆಕ್ ಅಮೆರಿಕದವರು, ಲಂಡನ್ನಿನಲ್ಲಿ ಸಂಸಾರ ಹೂಡಿದವರು. ಇಬ್ಬರೂ ತಂದೆತಾಯಿಗೆ ಒಬ್ಬಳೇ ಮಗಳು, ಇಬ್ಬರೂ ಹುಟ್ಟೂರು ಬಿಟ್ಟು ಬಂದವರು. ಅಂಕಿ-ಅಂಶಗಳನ್ನು ಚಿತ್ರವಾಗಿಸುವುದು ಇಬ್ಬರ ಉದ್ಯೋಗ. ಮುಖಾಮುಖಿ ಭೇಟಿಯಾಗಿದ್ದದ್ದು ಎರಡೇ ಸಲ. ಒಬ್ಬರನ್ನೊಬ್ಬರು ಅರಿಯಬೇಕು ಅನಿಸಿತು. ಸಮುದ್ರದ ಈಚೆ ಒಬ್ಬರು, ಆಚೆ ಒಬ್ಬರು, ಅರಿಯುವುದು ಹೇಗೆ?

2014ರಲ್ಲಿ ಅವರೊಂದು ಕರಾರು ಮಾಡಿಕೊಂಡರು. ವಾರಕ್ಕೊಂದು ವಿಷಯ. ಸೋಮವಾರದಿಂದ ಭಾನುವಾರದವರೆಗೆ ಇಬ್ಬರೂ ತಮ್ಮ ತಮ್ಮ ದಿನಗಳಲ್ಲಿ ಅದನ್ನು ಎಣಿಸಬೇಕು. ಎಣಿಸಿದ್ದನ್ನು ಕೈಯಿಂದಲೇ ಕಾರ್ಡಿನ ಮೇಲೆ ಚಿತ್ರವಾಗಿ ಬರೆಯಬೇಕು. ಹಿಂಬದಿಯಲ್ಲಿ ವಿಳಾಸ, ಜೊತೆಗೆ ಚಿತ್ರವನ್ನು ಓದುವುದು ಹೇಗೆಂಬ ಸೂಚನೆ: ಈ ಬಣ್ಣ ಎಂದರೆ ಇದು, ಈ ಗೆರೆ ಎಂದರೆ ಅದು. ಆಮೇಲೆ ಅಂಚೆ ಡಬ್ಬಿಗೆ.

ಮೊದಲನೆಯ ವಾರ ಎಣಿಸಿದ್ದು ಗಡಿಯಾರ ನೋಡಿದ್ದನ್ನು! ದಿನಕ್ಕೆ ಎಷ್ಟು ಸಲ, ಯಾಕೆ. ಇನ್ನೊಂದು ವಾರ 'ಥ್ಯಾಂಕ್ಸ್' ಹೇಳಿದ್ದು. ಮತ್ತೆ ಕನ್ನಡಿ ನೋಡಿಕೊಂಡದ್ದು, ಗೊಣಗಿದ್ದು, ನಕ್ಕದ್ದು, ಮೂಗಿಗೆ ಬಡಿದ ವಾಸನೆಗಳು, ದಾಟಿದ ಬಾಗಿಲುಗಳು. 52ನೆಯ ವಾರಕ್ಕೆ ವಿಷಯ ವಿದಾಯ. ಒಬ್ಬೊಬ್ಬರದು 52ರಂತೆ ಒಟ್ಟು 104 ಕಾರ್ಡು. ಅಂಚೆಯ ಮೊಹರು, ದಾರಿಯ ಕೊಳೆ ಎಲ್ಲ ಅಂಟಿಕೊಂಡೇ ಬಂದವು. 'ಡಿಯರ್ ಡೇಟಾ' ಎಂಬ ಹೆಸರಿನಲ್ಲಿ 2016ರಲ್ಲಿ ಅವು ಪುಸ್ತಕವಾದವು. ಅದೇ ವರ್ಷ ಮೂಲ ಕಾರ್ಡುಗಳನ್ನು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ತನ್ನದಾಗಿಸಿಕೊಂಡಿತು. ಗೊಣಗಿದ ಲೆಕ್ಕ ವಸ್ತು ಸಂಗ್ರಹಾಲಯ ಸೇರಿದ ಮೇಲೆ ನಮ್ಮ ಹಾಲಿನ ಲೆಕ್ಕವನ್ನು ಕೀಳೆಂದು ಎಣಿಸಬಾರದು ನೋಡಿ.

ಇದೆಲ್ಲ ಬಿಡುವಿದ್ದವರ ಆಟ ಅಂತೀರಾ? ನಾನೂ ಮೊದಲು ಹಾಗೇ ಅಂದುಕೊಂಡೆ. ಆದರೆ ಲೂಪಿಯವರಿಗೆ 2020ರ ಮಾರ್ಚಿನಲ್ಲಿ ಕೋವಿಡ್ ತಗಲಿತು. ಎಲ್ಲರಂತೆ ಹದಿನೈದು ದಿನಕ್ಕೆ ಅದು ಬಿಟ್ಟುಹೋಗಲಿಲ್ಲ. ಸುಸ್ತು, ನೋವು ಎಂದು ವರ್ಷಗಟ್ಟಲೆ ಉಳಿದುಬಿಟ್ಟಿತು. ಅವರು ತಮ್ಮ ಬಾಧೆಗಳನ್ನೆಲ್ಲ ದಿನ ದಿನವೂ ಪಟ್ಟಿ ಮಾಡುತ್ತ ಬಂದರು. 2023ರ ಡಿಸೆಂಬರಿನಲ್ಲಿ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯಲ್ಲಿ ಆ 1,374 ದಿನಗಳನ್ನು ಕುಂಚದ ಗೆರೆಗಳಾಗಿ ಬಿಡಿಸಿ ತೋರಿಸಿದರು. 'ಮೈ ಸರಿಯಿಲ್ಲ' ಎಂಬ ಎರಡು ಮಾತಿನ ಹಿಂದೆ ಎಷ್ಟು ದಿನಗಳಿರುತ್ತವೆ ಎಂದು ನೋಡಿದವರಿಗೆ ತಿಳಿಯಿತು.

ನಮ್ಮಲ್ಲೂ ಎಷ್ಟು ಜನ ಡಾಕ್ಟರ ಮುಂದೆ ಕೂತು, 'ಆಗಾಗ ತಲೆನೋವು ಬರುತ್ತೆ ಡಾಕ್ಟ್ರೇ' ಎಂದು ಹೇಳಿ ಎದ್ದು ಬರುವುದಿಲ್ಲ? ಆಗಾಗ ಎಂದರೆ ಯಾವಾಗ? ಮುಟ್ಟಿಗೆ ಮುಂಚೆಯೋ, ಊಟ ತಪ್ಪಿದ ದಿನವೋ, ನಿದ್ದೆಗೆಟ್ಟ ಮರುದಿನವೋ? ಎರಡು ತಿಂಗಳ ಕ್ಯಾಲೆಂಡರಿನ ಮೇಲೆ ತಲೆನೋವಿಗೆ ಕೆಂಪು, ನಿದ್ದೆಯಿಲ್ಲದ ರಾತ್ರಿಗೆ ನೀಲಿ ಎಂದು ಗುರುತು ಹಾಕಿಕೊಂಡು ಹೋಗಿ ಅವರ ಮೇಜಿನ ಮೇಲಿಡಿ. ಡಾಕ್ಟರಿಗೂ ಅನುಕೂಲ, ನಿಮಗೂ ಮಾತು ಮರೆಯುವುದಿಲ್ಲ.

ಫ್ಲಾರೆನ್ಸ್ ನೈಟಿಂಗೇಲ್ ಮಾಡಿದ್ದೂ ಇದನ್ನೇ. ದೀಪ ಹಿಡಿದ ಚಿತ್ರವೊಂದೇ ನಮ್ಮ ಪಾಠದ ಪುಸ್ತಕದಲ್ಲಿತ್ತು. ಕ್ರಿಮಿಯನ್ ಯುದ್ಧದಲ್ಲಿ ಸೈನಿಕರು ಗಾಯಗಳಿಗಿಂತ ತಡೆಯಬಹುದಾಗಿದ್ದ ರೋಗಗಳಿಂದಲೇ ಹೆಚ್ಚಾಗಿ ಸತ್ತರೆಂದು ಆಕೆ 1858ರಲ್ಲಿ ಬಣ್ಣದ ಎಸಳುಗಳ ನಕ್ಷೆ ಬರೆದು ತೋರಿಸಿದರು. ತಿಂಗಳಿಗೊಂದು ಎಸಳು; ರೋಗಕ್ಕೆ ನೀಲಿ, ಗಾಯಕ್ಕೆ ಕೆಂಪು, ಮಿಕ್ಕದ್ದಕ್ಕೆ ಕಪ್ಪು.

ಇಷ್ಟು ಓದಿದ ಮೇಲೆ ನನಗೂ ಚಪಲ ಹತ್ತಿತು. ಶಿರಸಿಯಲ್ಲಿರುವ ಅಕ್ಕನಿಗೆ ಫೋನು ಮಾಡಿ, 'ನಾವೂ ಒಂದು ವಾರ ಮಾಡೋಣ್ವಾ?' ಎಂದೆ. 'ನಿಂಗೆ ಬೇರೆ ಕೆಲಸ ಇಲ್ವೇನೇ' ಎಂದು ನಕ್ಕರೂ ಒಪ್ಪಿದಳು. ವಿಷಯ: ಊಟಕ್ಕೆ ಕೂತವರು ನಡುವೆ ಎಷ್ಟು ಸಲ ಏಳುತ್ತೇವೆ. ಒಂದು ಊಟಕ್ಕೆ ಒಂದು ತಟ್ಟೆಯ ಹಾಗೆ ದುಂಡಗೆ ಬರೆಯುವುದು, ಎದ್ದಷ್ಟು ಸಲ ಅದರ ಸುತ್ತ ಗೀಟು. ಯಾರಾದರೂ ಕರೆದು ಎದ್ದರೆ ಕೆಂಪು, ಬಡಿಸಲು ಎದ್ದರೆ ಹಸಿರು, ಫೋನು, ಬಾಗಿಲು, ಕುಕ್ಕರು ಎಂದು ಎದ್ದರೆ ನೀಲಿ. ಯಾರೂ ಕೇಳದೆ ನಾವಾಗಿಯೇ ಎದ್ದರೆ ಕಪ್ಪು.

ಒಂದು ಮಾತು ಹೇಳಿಬಿಡುತ್ತೇನೆ. ರಾತ್ರಿ ಮಲಗುವಾಗ ನೆನಪು ಮಾಡಿಕೊಂಡು ಬರೆಯುತ್ತೇನೆ ಅಂದರೆ ಆಗುವುದಿಲ್ಲ. ಉಪ್ಪಿನ ಡಬ್ಬಿಯ ಪಕ್ಕ ಒಂದು ಚೀಟಿ, ಪೆನ್ಸಿಲು ಇಟ್ಟುಕೊಂಡು ಆಗಿಂದಾಗಲೇ ಗೀಟು ಎಳೆಯಬೇಕು. ಸ್ಕೆಚ್ ಪೆನ್ನು, ಬಣ್ಣ ಎಲ್ಲ ಭಾನುವಾರಕ್ಕೆ ಸಾಕು. ಚಿತ್ರ ಬರೆಯಲು ಬರಬೇಕೆಂದೇನೂ ಇಲ್ಲ. ಚುಕ್ಕಿ ಇಟ್ಟು ರಂಗೋಲಿ ಎಳೆಯುವ ಕೈಗೆ ಇದೇನು ಮಹಾ.

ಏಳು ದಿನ, 14 ಊಟ. ನನ್ನ ಕಾರ್ಡು ಮುಗಿದಾಗ ಮಗ ಇಣುಕಿ ನೋಡಿ, 'ಅಮ್ಮಾ, ಇಷ್ಟೊಂದು ಸೂರ್ಯ ಯಾಕೆ ಬರೆದಿದ್ದೀಯಾ?' ಎಂದ. ಕೂತಲ್ಲಿಂದ ಏಳದೆ ಉಂಡ ಊಟ ಎರಡೇ. ಕೆಂಪು ಗೀಟುಗಳೇ ಹೆಚ್ಚಿರುತ್ತವೆ, ತೋರಿಸಿ ಎಲ್ಲರನ್ನೂ ತರಾಟೆಗೆ ತೆಗೆದುಕೊಳ್ಳಬೇಕು ಅಂತ ನನ್ನ ಲೆಕ್ಕಾಚಾರ. ಆದರೆ ಹೆಚ್ಚಿದ್ದದ್ದು ಕಪ್ಪು! ಉಪ್ಪಿನಕಾಯಿ ನೆನಪಾಯಿತೆಂದು, ಹಾಲು ಮುಚ್ಚಿದೆನೋ ಇಲ್ಲವೋ ಎಂದು, ನಾನೇ ಎದ್ದಿದ್ದೆ. ನಮ್ಮವರು ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದರು, ಏನೂ ಅನ್ನಲಿಲ್ಲ. ಮರುದಿನ ಮಜ್ಜಿಗೆ ಪಾತ್ರೆಯನ್ನು ತಾವೇ ತಂದಿಟ್ಟುಕೊಂಡರು. ಮೂರು ದಿನ ನಡೆಯಿತು, ಆಮೇಲೆ ಯಥಾಪ್ರಕಾರ.

ಅಕ್ಕನ ಕಾರ್ಡು ಬಂದದ್ದು ಶನಿವಾರ.

ಭಾವ ಹೋಗಿ ಒಂದೂವರೆ ವರ್ಷವಾಯಿತು. ಮಗಳು ಹೈದರಾಬಾದಿನಲ್ಲಿ. ಅಕ್ಕ ಒಬ್ಬಳೇ ಇರುತ್ತಾಳೆ. ದಿನಾ ರಾತ್ರಿ ಫೋನಿನಲ್ಲಿ 'ಊಟ ಆಯ್ತಾ ಅಕ್ಕಾ?' ಎಂದು ಕೇಳುತ್ತೇನೆ. 'ಆಯ್ತು ಕಣೇ, ನಿಂದು?' ಎನ್ನುತ್ತಾಳೆ. ಕಾರ್ಡಿನಲ್ಲಿ 14 ತಟ್ಟೆಗಳೇನೋ ಇದ್ದವು. ಒಂದಕ್ಕೂ ಒಂದು ಗೀಟೂ ಇರಲಿಲ್ಲ. ಅದರಲ್ಲೂ ರಾತ್ರಿಯ ಸಾಲಿನ ಐದು ತಟ್ಟೆಗಳನ್ನು ಬರೀ ಚುಕ್ಕಿಗಳಲ್ಲಿ ಬರೆದಿದ್ದಳು. ನಾವು ಗೊತ್ತು ಮಾಡಿಕೊಂಡದ್ದರಲ್ಲಿ ಚುಕ್ಕಿ ಇರಲಿಲ್ಲವಲ್ಲ ಎಂದು ಹಿಂದೆ ತಿರುಗಿಸಿದೆ. ಅವಳ ದುಂಡನೆಯ ಅಕ್ಷರದಲ್ಲಿ ಹೀಗಿತ್ತು: 'ಚುಕ್ಕಿ ಅಂದರೆ ಮಾಡಲಿಲ್ಲ. ಒಬ್ಬಳಿಗೇ ಅಂತ ಒಲೆ ಹಚ್ಚಲು ಬೇಜಾರು.'

ಭಾನುವಾರದ ಮೊದಲ ಬಸ್ಸಿಗೆ ಹೋದೆ. ಬಾಗಿಲಲ್ಲೇ, 'ನಿಂಗೆ ಕಾರ್ಡು ಬರೆದದ್ದೇ ತಪ್ಪಾಯ್ತು ನೋಡು' ಎಂದಳು. ರಾತ್ರಿ ತಿಳಿಸಾರು, ಹಪ್ಪಳ ಮಾಡಿಕೊಂಡು ಇಬ್ಬರೂ ಉಂಡೆವು. ಹಪ್ಪಳ ಸುಟ್ಟು ತರಲು ಅವಳು ಎರಡು ಸಲ ಎದ್ದಳು. ಮುಂದಿನ ವಾರದ ವಿಷಯವನ್ನು ಅವಳೇ ಆರಿಸಿದಳು: ಮನೆಯ ಬಾಗಿಲು ದಿನಕ್ಕೆ ಎಷ್ಟು ಸಲ ತೆರೆಯಿತು, ಯಾರು ಬಂದರು.