ನೀರಿನ ಸೋರಿಕೆ ಮತ್ತು ಮಟ್ಟದ ಪತ್ತೆಗೆ ವಾಹಕ ಪಾಲಿಮರ್ ಸಂವೇದಕಗಳು

ಪ್ಲಾಸ್ಟಿಕ್ ಎಂದರೆ ವಿದ್ಯುತ್ ನಿರೋಧಕ ಎಂಬ ತಿಳಿವಳಿಕೆ ಬಹುಕಾಲ ಪ್ರಚಲಿತವಾಗಿತ್ತು. ಪಾಲಿಅಸಿಟಿಲೀನ್ ಪದರಕ್ಕೆ ಅಯೋಡಿನ್ ಸೇರಿಸಿದಾಗ ಅದರ ವಾಹಕತೆ ಅಗಾಧವಾಗಿ ಹೆಚ್ಚುವುದೆಂದು 1977ರಲ್ಲಿ ಹಿಡೆಕಿ ಶಿರಕಾವಾ, ಅಲನ್ ಮ್ಯಾಕ್‌ಡಿಯರ್ಮಿಡ್ ಮತ್ತು ಅಲನ್ ಹೀಗರ್ ತೋರಿಸಿದರು. 2000ದಲ್ಲಿ ಅವರಿಗೆ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿ ದೊರೆಯಿತು. ಇಂತಹ ಸ್ವಭಾವತಃ ವಾಹಕವಾದ ಪಾಲಿಮರ್‌ಗಳಲ್ಲದೆ, ನಿರೋಧಕ ಪ್ಲಾಸ್ಟಿಕ್‌ನಲ್ಲಿ ಇಂಗಾಲದ ಸೂಕ್ಷ್ಮಕಣಗಳನ್ನು ಬೆರೆಸಿ ತಯಾರಿಸುವ ಇನ್ನೊಂದು ವರ್ಗವೂ ಇದೆ. ಸೋರಿಕೆ ಪತ್ತೆಯ ಕೇಬಲ್‌ಗಳಿಗೆ ಈ ಎರಡನೆಯ ವರ್ಗ ಹೆಚ್ಚು ಒಗ್ಗುತ್ತದೆ.

ನೀರಿನಲ್ಲಿ ಬರಿಯ ಲೋಹದ ತಂತಿಗಳ ಮೂಲಕ ವಿದ್ಯುತ್ ಹರಿದರೆ ಲೋಹ ಸವೆಯುತ್ತದೆ. ತಂತಿಗೆ ವಾಹಕ ಪಾಲಿಮರ್‌ನ ಹೊದಿಕೆ ಇದ್ದಲ್ಲಿ ಲೋಹಕ್ಕೆ ನೀರು ತಾಗುವುದಿಲ್ಲ. ವಿದ್ಯುತ್ ಮಾತ್ರ ಹೊದಿಕೆಯನ್ನು ದಾಟಿ ಹರಿಯುತ್ತದೆ. ಇಂತಹ ಎರಡು ತಂತಿಗಳನ್ನು ಪರಸ್ಪರ ತಾಗದಂತೆ ಹೆಣೆದು ನೆಲದ ಮೇಲೆ ಹಾಸಲಾಗುತ್ತದೆ. ಸೋರಿದ ನೀರು ಅವೆರಡರ ನಡುವೆ ಸೇತುವೆಯಾದಾಗ ಮಂಡಲ ಪೂರ್ಣಗೊಳ್ಳುತ್ತದೆ.

ಸೋರಿಕೆಯ ಸ್ಥಳವನ್ನು ನಿರ್ಧರಿಸುವುದು ಇನ್ನೂ ಸೂಕ್ಷ್ಮವಾದ ಕಾರ್ಯ. ಲವಣಾಂಶಕ್ಕೆ ತಕ್ಕಂತೆ ನೀರಿನ ರೋಧ ಬದಲಾಗುವುದರಿಂದ ಅದನ್ನು ನೆಚ್ಚುವಂತಿಲ್ಲ. ಆದ್ದರಿಂದ ಸ್ಥಿರ ಪ್ರವಾಹವನ್ನು ಹರಿಸಿ, ನೀರಿನ ಸೇತುವೆಯವರೆಗೆ ಒಂದು ತಂತಿಯಲ್ಲಿ ಮಾತ್ರ ಉಂಟಾಗುವ ವಿಭವಪಾತವನ್ನು ಅಳೆಯಲಾಗುತ್ತದೆ. ಉದಾಹರಣೆಗೆ, ತಂತಿಯ ರೋಧ ಮೀಟರಿಗೆ 10 ಓಮ್ ಇದ್ದು, ಅಳತೆಯಲ್ಲಿ 350 ಓಮ್ ಕಂಡುಬಂದರೆ ಸೋರಿಕೆ 35 ಮೀಟರ್ ದೂರದಲ್ಲಿದೆಯೆಂದು ತಿಳಿಯಬಹುದು.

ತೊಟ್ಟಿಯಲ್ಲಿ ಇಂತಹ ಜೋಡಿಯನ್ನು ಲಂಬವಾಗಿ ಇಳಿಬಿಟ್ಟರೆ ಇದೇ ತತ್ತ್ವದಿಂದ ನೀರಿನ ಮಟ್ಟವನ್ನು ಅಳೆಯಬಹುದು. ಮೇಲಿನಿಂದ ನೀರಿನ ಮೇಲ್ಮೈವರೆಗಿನ ತಂತಿಯ ರೋಧವು ಮಟ್ಟ ಏರಿದಂತೆ ಕಡಿಮೆಯಾಗುತ್ತದೆ. ಆದರೆ ನೀರು ಇಳಿದ ಬಳಿಕವೂ ಹೊದಿಕೆಯ ಮೇಲೆ ತೇವದ ಪದರ ಉಳಿದಲ್ಲಿ ಮಟ್ಟ ವಾಸ್ತವಕ್ಕಿಂತ ಹೆಚ್ಚಾಗಿ ತೋರುವ ಸಂಭವವಿದೆ. ಗಾಳಿಯ ತೇವ ತಂತಿಯ ಮೇಲೆ ಹನಿಗಟ್ಟಿದಾಗಲೂ ಸುಳ್ಳು ಸೂಚನೆ ಬರಬಹುದು.

ಇದಕ್ಕಿಂತ ಗಂಭೀರವಾದುದು ಸಂವೇದಕದ ಮೌನ. ನೆಲ ಒಣಗಿದ್ದರೂ ಪ್ರವಾಹವಿಲ್ಲ. ತಂತಿ ತುಂಡಾಗಿದ್ದರೂ ಪ್ರವಾಹವಿಲ್ಲ. ಈ ಎರಡು ಸ್ಥಿತಿಗಳನ್ನು ಬೇರ್ಪಡಿಸದ ಸಾಧನವು ಕೆಟ್ಟುಹೋದ ದಿನವೂ ಕ್ಷೇಮವನ್ನೇ ಸಾರುತ್ತದೆ. ಅದಕ್ಕಾಗಿ ಸಂವೇದಕ ತಂತಿಗಳ ಕೊನೆಯಿಂದ ಹಿಂದಿರುಗುವ ಹೆಚ್ಚುವರಿ ತಂತಿಗಳನ್ನು ಅಳವಡಿಸಿ, ಮಂಡಲದ ಅಖಂಡತೆಯನ್ನು ಸದಾ ಪರೀಕ್ಷಿಸಲಾಗುತ್ತದೆ. ಹೊದಿಕೆಯ ವಸ್ತು ಎಷ್ಟೇ ಶ್ರೇಷ್ಠವಾಗಿದ್ದರೂ ಈ ಏರ್ಪಾಡಿಲ್ಲದೆ ಸಂವೇದಕದ ಮೌನವನ್ನು ಶುಷ್ಕತೆಯೆಂದು ನಂಬುವಂತಿಲ್ಲ.