ಹಸಿಶುಂಠಿ ಟೀ: ಹಾಲು ಒಡೆಯದ ಹಾಗೆ



ಸುಕ್ಕನ್ನು ಮೀರಿದ ಮದ್ದಿಲ್ಲ, ಸುಬ್ರಹ್ಮಣ್ಯನನ್ನು ಮೀರಿದ ದೇವರಿಲ್ಲ ಎಂಬ ತಮಿಳು ಗಾದೆ ನಮ್ಮ ಪಳನಿ ಕಡೆಯಲ್ಲಿ ಎಲ್ಲರಿಗೂ ಗೊತ್ತು. ತೈಪೂಸದ ಹೊತ್ತಿನಲ್ಲಿ ಕಾವಡಿ ಹೊತ್ತು ನಡೆದು ಬರುವವರು ಮುಂಜಾವದ ಚಳಿಯಲ್ಲಿ ದಾರಿಬದಿಯ ಸುಕ್ಕು ಕಾಪಿ ಕುಡಿದು ಮತ್ತೆ ಹೆಜ್ಜೆ ಹಾಕುತ್ತಾರೆ. ಅದನ್ನು ಕಂಡವರಿಗೆ ಗಾದೆಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಆ ಸುಕ್ಕು ಒಣಗುವ ಮೊದಲು ಹಸಿಶುಂಠಿಯಾಗಿತ್ತು. ಇವತ್ತು ಅದರಿಂದ ಮನೆಯಲ್ಲಿ ಟೀ ಮಾಡುವ ಕ್ರಮವನ್ನು ನೋಡೋಣ.

ಮೊದಲು ಹೆಸರಿನ ವಿಚಾರ. ತಮಿಳಿನಲ್ಲಿ ಹಸಿಯದು ಇಂಜಿ, ಒಣಗಿದ್ದು ಸುಕ್ಕು. ಕನ್ನಡದಲ್ಲಿ ಹಸಿಶುಂಠಿ, ಒಣಶುಂಠಿ ಎನ್ನುತ್ತೇವೆ. ಉತ್ತರ ಕರ್ನಾಟಕದವರು ಹಸಿಯದಕ್ಕೆ ಅಲ್ಲ ಎನ್ನುತ್ತಾರೆ. ತಮಿಳರ ಮಂಗ ಇಂಜಿ ತಿಂದು ಮುಖ ಕಿವುಚಿದರೆ, ಕನ್ನಡದ ಮಂಗ ಇಂಗು ತಿಂದು ಮುಖ ಕಿವುಚುತ್ತದೆ. ಎರಡು ಭಾಷೆಯ ನಡುವೆ ಬದುಕುವ ನಮಗೆ ಎರಡು ಮಂಗಗಳೂ ಪರಿಚಯದವೇ. ಗ್ರೀಕರು ಶುಂಠಿಯನ್ನು ಜಿಂಗಿಬೆರಿಸ್ ಎಂದರು. ಆ ಹೆಸರಿನ ಮೂಲ ನಮ್ಮ ದ್ರಾವಿಡ ನುಡಿಗಳ ಇಂಜಿವೇರ್ ಎಂದು ಭಾಷಾ ಪಂಡಿತರು ಹೇಳುತ್ತಾರೆ. ವೇರ್ ಎಂದರೆ ನಮ್ಮ ಬೇರು.

ಈಗ ಟೀ ವಿಷಯಕ್ಕೆ ಬರೋಣ. ಶುಂಠಿ ಟೀ ಮಾಡುವಾಗ ಹಾಲು ಒಡೆಯಿತು ಎಂಬ ದೂರು ಅನೇಕ ಮನೆಗಳಲ್ಲಿದೆ. ಹಾಲು ಹಳೆಯದು ಎಂದು ಹಾಲಿನವನನ್ನು ಬೈಯುತ್ತಾರೆ. ಕೆಲವು ಸಲ ಅದು ನಿಜವಿರಬಹುದು. ಆದರೆ ಎಷ್ಟೋ ಸಲ ಕಾರಣ ಶುಂಠಿಯಲ್ಲೇ ಇರುತ್ತದೆ. ಹಸಿಶುಂಠಿಯಲ್ಲಿ ಜಿಂಜಿಬೈನ್ ಎಂಬ ಕಿಣ್ವವಿದೆ. ಅದು ಹಾಲಿನ ಪ್ರೋಟೀನನ್ನು ಕತ್ತರಿಸಿ ಹಾಲು ಗಡ್ಡೆಕಟ್ಟುವ ಹಾಗೆ ಮಾಡುತ್ತದೆ. ಚೀನಾದ ಗ್ವಾಂಗ್‌ಡಾಂಗ್ ಪ್ರಾಂತದವರು ಇದನ್ನೇ ಉಪಯೋಗಿಸಿಕೊಂಡು, ಹಸಿಶುಂಠಿ ರಸದ ಮೇಲೆ ಸಿಹಿ ಹಾಕಿದ ಬಿಸಿ ಹಾಲು ಸುರಿದು, ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುವ ಒಂದು ತಿಂಡಿ ಮಾಡುತ್ತಾರೆ. ಅವರಿಗೆ ಬೇಕಾದದ್ದು ನಮಗೆ ಬೇಡವಾದದ್ದು, ಅಷ್ಟೇ ವ್ಯತ್ಯಾಸ.

ಈ ಕಿಣ್ವಕ್ಕೆ ಕುದಿಯುವ ಶಾಖ ತಡೆಯುವುದಿಲ್ಲ. ಆದ್ದರಿಂದ ಶುಂಠಿಯನ್ನು ಮೊದಲು ನೀರಿನಲ್ಲಿ ಚೆನ್ನಾಗಿ ಕುದಿಸಿ, ಆಮೇಲೆ ಹಾಲು ಹಾಕಬೇಕು. ತಣ್ಣನೆಯ ಹಾಲಿಗೆ ಶುಂಠಿ ಜಜ್ಜಿ ಹಾಕಿ ಒಲೆಯ ಮೇಲಿಟ್ಟರೆ, ಹಾಲು ನಿಧಾನವಾಗಿ ಬಿಸಿಯಾಗುವಷ್ಟು ಹೊತ್ತೂ ಕಿಣ್ವಕ್ಕೆ ಕೆಲಸ ಮಾಡಲು ಅವಕಾಶ ಸಿಗುತ್ತದೆ.

ಇಬ್ಬರಿಗೆ ಲೆಕ್ಕ ಹೀಗಿದೆ. ಒಂದೂವರೆ ಲೋಟ ನೀರು, ಮುಕ್ಕಾಲು ಲೋಟ ಕಾಯಿಸಿದ ಹಾಲು, ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು ಶುಂಠಿ, ಎಂದರೆ ಸುಮಾರು 10 ಗ್ರಾಂ, ಮತ್ತು ಎರಡು ಸಣ್ಣ ಚಮಚ ಟೀ ಪುಡಿ. ಶುಂಠಿಯನ್ನು ತೊಳೆದು, ಚಮಚದ ಅಂಚಿನಿಂದ ಸಿಪ್ಪೆ ಕೆರೆದು, ಕುಟ್ಟಾಣಿಯಲ್ಲಿ ಜಜ್ಜಿ. ನುಣ್ಣಗೆ ಅರೆಯಬೇಡಿ, ಟೀ ರಾಡಿಯಾಗುತ್ತದೆ. ನೀರು ಕುದಿ ಬಂದ ಮೇಲೆ ಶುಂಠಿ ಹಾಕಿ ನಾಲ್ಕೈದು ನಿಮಿಷ ಕುದಿಸಿ. ಆಮೇಲೆ ಟೀ ಪುಡಿ ಹಾಕಿ ಒಂದೆರಡು ನಿಮಿಷ ಬಿಡಿ. ಪುಡಿ ಹೆಚ್ಚು ಕುದಿದರೆ ಒಗರಾಗುತ್ತದೆ. ಕೊನೆಗೆ ಬಿಸಿ ಹಾಲು ಹಾಕಿ, ಒಂದು ಕುದಿ ಬಂದ ಕೂಡಲೇ ಇಳಿಸಿ ಸೋಸಿ. ಬೋಡಿನಾಯಕನೂರಿನ ಏಲಕ್ಕಿ ಮನೆಯಲ್ಲಿದ್ದರೆ ಶುಂಠಿಯ ಜೊತೆಗೇ ಒಂದನ್ನು ಜಜ್ಜಿ ಹಾಕಬಹುದು. ಬೆಲ್ಲ ಹಾಕುವವರು ಒಲೆಯಿಂದ ಇಳಿಸಿದ ಮೇಲೆಯೇ ಹಾಕಬೇಕು, ಏಕೆಂದರೆ ಬೆಲ್ಲ ಬಿದ್ದ ಹಾಲು ಕುದಿದರೂ ಒಡೆಯಬಹುದು.

ಸಂತೆಯಲ್ಲಿ ಕೊಳ್ಳುವಾಗ ಮುರಿದು ನೋಡಿ. ಎಳೆಯದು ತೆಳು ಸಿಪ್ಪೆಯದು, ನಾರು ಕಡಿಮೆ, ಖಾರವೂ ಕಡಿಮೆ. ಅದು ಉಪ್ಪಿನಕಾಯಿಗೆ ಸರಿ. ಟೀಗೆ ಬಲಿತದ್ದೇ ಒಳ್ಳೆಯದು. ಮುದುಡಿದ್ದು, ಬೂಷ್ಟು ಹಿಡಿದದ್ದು ಬೇಡ. ಶುಂಠಿ ರಸವನ್ನು ಸ್ವಲ್ಪ ಹೊತ್ತು ಇಟ್ಟರೆ ತಳದಲ್ಲಿ ಬಿಳಿಯದೊಂದು ನಿಲ್ಲುತ್ತದೆ. ಅದನ್ನು ನಂಜು ಎಂದು ಚೆಲ್ಲುವ ರೂಢಿ ನಮ್ಮಲ್ಲಿದೆ. ಅದು ಗೆಡ್ಡೆಯಲ್ಲಿರುವ ಪಿಷ್ಟ, ಗಂಜಿಯಂಥದ್ದು. ಚೆಲ್ಲಿದರೆ ರಸ ತಿಳಿಯಾಗುತ್ತದೆ, ಚೆಲ್ಲದಿದ್ದರೆ ಭಯವಿಲ್ಲ.

ಸುಕ್ಕು ಹಸಿಶುಂಠಿಗಿಂತ ಏಕೆ ಹೆಚ್ಚು ಖಾರ ಎಂದು ಕೆಲವರು ಕೇಳುತ್ತಾರೆ. ಹಸಿಯದರ ಖಾರಕ್ಕೆ ಮುಖ್ಯ ಕಾರಣ ಜಿಂಜರಾಲ್ ಎಂಬ ವಸ್ತು. ಶುಂಠಿ ಒಣಗುವಾಗ ಅದರಲ್ಲಿ ಒಂದು ಪಾಲು ಶೋಗಾಲ್ ಎಂಬ ಇನ್ನೂ ಖಾರದ ವಸ್ತುವಾಗಿ ಬದಲಾಗುತ್ತದೆ. ಶೋಗಾ ಎಂದರೆ ಜಪಾನಿ ಭಾಷೆಯಲ್ಲಿ ಶುಂಠಿ. ಆದ್ದರಿಂದ ಸುಕ್ಕನ್ನು ಹಸಿಯದರ ಅಳತೆಯಲ್ಲಿ ಹಾಕಬಾರದು, ಒಬ್ಬರಿಗೆ ಕಾಲು ಚಮಚ ಪುಡಿ ಸಾಕು. ಸುಕ್ಕು ಕಾಪಿಗೆ ಕೊತ್ತಂಬರಿ ಬೀಜ, ಮೆಣಸು, ತಾಳೆಬೆಲ್ಲ ಸೇರುತ್ತವೆ. ಹಾಲು ಬೇಡ, ಹಲವರ ಮನೆಯಲ್ಲಿ ಕಾಪಿ ಪುಡಿಯೂ ಬೇಡ.

ಇನ್ನು ಎಚ್ಚರದ ಮಾತು. ತಾಳೆಬೆಲ್ಲ, ಅಂದರೆ ಕರುಪ್ಪಟ್ಟಿ, ಸಕ್ಕರೆ ಕಾಯಿಲೆಯವರಿಗೆ ತೊಂದರೆ ಮಾಡದು ಎಂಬ ನಂಬಿಕೆ ನಮ್ಮ ಊರುಗಳಲ್ಲಿ ಬಲವಾಗಿದೆ. ಅದು ಸರಿಯಲ್ಲ. ಕರುಪ್ಪಟ್ಟಿಯಲ್ಲೂ ಇರುವುದು ಹೆಚ್ಚಿನ ಪಾಲು ಸಕ್ಕರೆಯೇ, ರಕ್ತದಲ್ಲಿ ಸಕ್ಕರೆ ಏರುತ್ತದೆ. ನಾನು ಬ್ಯಾಂಕಿನಲ್ಲಿ ಲೆಜರ್ ಬರೆದು ನಿವೃತ್ತನಾದವನು, ಆದ್ದರಿಂದ ಒಂದು ಕೂಡುವ ಲೆಕ್ಕ ಕೊಡುತ್ತೇನೆ. ಒಂದು ಟೀಗೆ ಎರಡು ಚಮಚ, ಎಂದರೆ ಸುಮಾರು 10 ಗ್ರಾಂ ಸಕ್ಕರೆ. ದಿನಕ್ಕೆ ನಾಲ್ಕು ಟೀ ಎಂದರೆ 40 ಗ್ರಾಂ. ತಿಂಗಳಿಗೆ ಒಂದು ಕಿಲೋ 200 ಗ್ರಾಂ. ವರ್ಷಕ್ಕೆ ಹದಿನಾಲ್ಕೂವರೆ ಕಿಲೋ, ಅದೂ ಒಬ್ಬರಿಗೆ, ಬರೀ ಟೀಯಲ್ಲಿ. ದಿನಕ್ಕೆ ಸಕ್ಕರೆ 25 ಗ್ರಾಮಿನ ಒಳಗಿದ್ದರೆ ಹೆಚ್ಚು ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯ ಸಾರ. ಶುಂಠಿ ಖಾರವಾಗಿದ್ದರೆ ಸಿಹಿ ಕಡಿಮೆಯಾದದ್ದು ನಾಲಿಗೆಗೆ ಅಷ್ಟಾಗಿ ತಿಳಿಯದು. ವಾರಕ್ಕೊಂದಿಷ್ಟು ಇಳಿಸುತ್ತ ಬನ್ನಿ.

ಎರಡನೆಯದು, ತೋಟದ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ. ಊಟದ ಜೊತೆಗೇ ಟೀ ಕುಡಿದರೆ, ಸೊಪ್ಪು, ರಾಗಿ, ಬೇಳೆಗಳಲ್ಲಿರುವ ಕಬ್ಬಿಣದ ಅಂಶ ಮೈಗೆ ಹಿಡಿಯುವುದನ್ನು ಟೀಯ ಒಗರು ತಡೆಯುತ್ತದೆ. ರಕ್ತಹೀನತೆ ಇರುವವರಿಗೆ ಇದು ದೊಡ್ಡ ನಷ್ಟ. ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಒಂದು ಗಂಟೆ ನಂತರ ಟೀ ಕಾಪಿ ಬೇಡ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2024ರ ಆಹಾರ ಮಾರ್ಗಸೂಚಿಯಲ್ಲಿ ಹೇಳಿದೆ. ಬೆಳಗಿನ ತಿಂಡಿಗೆ ಬದಲು ಬರೀ ಟೀ ಕುಡಿದು ಹೊರಡುವುದಂತೂ ಬೇಡವೇ ಬೇಡ.

ಶುಂಠಿ ವಾಕರಿಕೆಯನ್ನು ತಗ್ಗಿಸುತ್ತದೆ ಎಂಬುದಕ್ಕೆ ಆಧುನಿಕ ವೈದ್ಯರ ಒಪ್ಪಿಗೆಯೂ ಇದೆ. ನೆಗಡಿಯಲ್ಲಿ ಗಂಟಲಿಗೆ ಹಿತ ಕೊಡುತ್ತದೆ. ಆದರೆ ನಾಲ್ಕು ದಿನದ ಜ್ವರಕ್ಕೆ ಅದು ಮದ್ದಲ್ಲ, ಆಸ್ಪತ್ರೆಗೆ ಹೋಗಬೇಕು. ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ತೆಗೆದುಕೊಳ್ಳುವವರು, ಪಿತ್ತಕೋಶದಲ್ಲಿ ಕಲ್ಲು ಇರುವವರು, ಗರ್ಭಿಣಿಯರು ದಿನವೂ ಹೆಚ್ಚು ಶುಂಠಿ ಬಳಸುವ ಮೊದಲು ಡಾಕ್ಟರನ್ನು ಕೇಳಲಿ. ಎದೆಯುರಿ ಇರುವವರಿಗೆ ಉರಿ ಹೆಚ್ಚಬಹುದು. ಎಳೆಯ ಮಕ್ಕಳಿಗೆ ಟೀ ಬೇಡ.

ನೀರಿನಲ್ಲಿ ಶುಂಠಿ ಮೊದಲು, ಹಾಲು ಆಮೇಲೆ. ಸಿಹಿ ಕಡಿಮೆ. ಊಟಕ್ಕೂ ಟೀಗೂ ನಡುವೆ ಒಂದು ಗಂಟೆ. ಇಷ್ಟನ್ನು ನೆನಪಿಟ್ಟುಕೊಂಡರೆ ಹಾಲೂ ಉಳಿಯುತ್ತದೆ, ಆರೋಗ್ಯವೂ ಉಳಿಯುತ್ತದೆ.