ಬಿದ್ದ ಯಂತ್ರದ ಸಾಕ್ಷ್ಯ

ನಡೆಯುತ್ತಿದ್ದ ಯಂತ್ರ ಥಟ್ಟನೆ ನಿಂತರೆ ನಮ್ಮ ಮುಂದೆ ಎರಡು ಕೆಲಸಗಳಿರುತ್ತವೆ. ಒಂದು, ಅದನ್ನು ಬೇಗ ನಡೆಸುವುದು. ಇನ್ನೊಂದು, ಏಕೆ ನಿಂತಿತೆಂದು ತಿಳಿಯುವುದು. ಕಂಪ್ಯೂಟರಿನ ವಿಷಯದಲ್ಲಿ ಇವೆರಡೂ ಬಹುಕಾಲ ಎಣ್ಣೆ ಸೀಗೆಕಾಯಿಯಂತಿದ್ದವು. ನಮ್ಮ ಎಷ್ಟೋ ಮನೆಗಳ ಮಕ್ಕಳು ರಾತ್ರಿಪಾಳಿಯಲ್ಲಿ ಸರ್ವರುಗಳನ್ನು ಕಾಯುವವರಾದುದರಿಂದ, ಈ ಜಗಳ ಬಗೆಹರಿದ ಬಗೆಯನ್ನು ಹಿರಿಯರಿಗೂ ತಿಳಿಯುವಂತೆ ಹೇಳಬಯಸುತ್ತೇವೆ.

ಕಂಪ್ಯೂಟರಿನ ಸಕಲ ವ್ಯವಹಾರವನ್ನೂ ನಡೆಸುವುದು ಆಪರೇಟಿಂಗ್ ಸಿಸ್ಟಮ್. ಅದರ ತಿರುಳಿಗೆ ಕರ್ನೆಲ್ ಎಂದು ಹೆಸರು. ಕರ್ನೆಲ್ಲೇ ಎಡವಿದರೆ ಯಂತ್ರವೆಲ್ಲ ಸ್ತಬ್ಧ. ಆ ಗಳಿಗೆಯಲ್ಲಿ ಏನು ನಡೆಯುತ್ತಿತ್ತೆಂಬ ಸಾಕ್ಷ್ಯ ಮೆಮೊರಿಯಲ್ಲಿರುತ್ತದೆ. ಆದರೆ ಅದು ಕರಿಹಲಗೆಯ ಬರಹದಂತೆ. ಗುಂಡಿ ಒತ್ತಿ ಮತ್ತೆ ಆರಂಭಿಸಿದರೆ ಯಂತ್ರವು ತನ್ನ ಅಂಗಾಂಗಗಳನ್ನೆಲ್ಲ ಮೊದಲಿನಿಂದ ಪರೀಕ್ಷಿಸುತ್ತದೆ. ದೊಡ್ಡ ಸರ್ವರುಗಳಲ್ಲಿ ಇದಕ್ಕೇ ಹಲವು ನಿಮಿಷ ಹಿಡಿಯುವುದುಂಟು. ಅಷ್ಟರಲ್ಲಿ ಹಲಗೆ ಅಳಿಸಿಹೋಗುತ್ತದೆ. ಹಾಗೆಂದು, ಎಡವಿದ ಕರ್ನೆಲ್ಲಿನಿಂದಲೇ ಅದರ ವೃತ್ತಾಂತವನ್ನು ಡಿಸ್ಕಿಗೆ ಬರೆಸುವುದೂ ಅಪಾಯ. ಬುದ್ಧಿ ಕೆಟ್ಟ ಕೈ ಒಳ್ಳೆಯ ಲೆಕ್ಕಪತ್ರದ ಮೇಲೆಯೇ ಗೀಚೀತು!

ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮಿಗೆ 2005ರಲ್ಲಿ ಇದಕ್ಕೆ ಪರಿಹಾರ ಸೇರಿತು. ಎರಿಕ್ ಬೀಡರ್‌ಮನ್ ರೂಪಿಸಿದ ಕೆಎಕ್ಸೆಕ್ ಎಂಬ ಉಪಾಯದಿಂದ, ಅಂಗಾಂಗ ಪರೀಕ್ಷೆಯ ಗೊಡವೆಯಿಲ್ಲದೆ, ಒಂದು ಕರ್ನೆಲ್ ಇನ್ನೊಂದಕ್ಕೆ ನೇರವಾಗಿ ಅಧಿಕಾರ ಒಪ್ಪಿಸಬಹುದು. ಹೊಸ ಕರ್ನೆಲ್ ಹಾಕುವಾಗ ಇದರಿಂದ ಬಹಳ ಹೊತ್ತು ಉಳಿಯುತ್ತದೆ. ಇದನ್ನೇ ತಳಹದಿಯಾಗಿಸಿ ಕಟ್ಟಿದ್ದು ಕೆಡಂಪ್. ಅದನ್ನು ವಿವರಿಸುವ ಪ್ರಬಂಧವನ್ನು ಅದೇ ವರ್ಷ ಕೆನಡಾದ ಆಟವಾ ಸಮ್ಮೇಳನಕ್ಕೆ ಬೀಡರ್‌ಮನ್ನರೊಡನೆ ಬರೆದವರು ಐ.ಬಿ.ಎಂ.ನ ವಿವೇಕ್ ಗೋಯಲ್ ಮತ್ತು ಹರಿಪ್ರಸಾದ್ ನೆಲ್ಲಿತೀರ್ಥ. ನೆಲ್ಲಿತೀರ್ಥವೆಂಬುದು ದಕ್ಷಿಣ ಕನ್ನಡದ ಗುಹಾದೇವಾಲಯವಿರುವ ಊರಿನ ಹೆಸರೆಂದು ನಮ್ಮವರಿಗೆ ಹೇಳಬೇಕಾಗಿಲ್ಲ.

ಕೆಡಂಪಿನ ಕ್ರಮ ಹೀಗೆ: ಯಂತ್ರ ಆರೋಗ್ಯವಾಗಿರುವಾಗಲೇ ಮೆಮೊರಿಯ ಒಂದು ಮೂಲೆಯನ್ನು ಬೇರೆ ತೆಗೆದಿಟ್ಟು, ಅಲ್ಲಿ ಎರಡನೆಯ ಕರ್ನೆಲ್ಲನ್ನು ಸಿದ್ಧವಾಗಿ ಕೂರಿಸಿರುತ್ತಾರೆ. ನಿತ್ಯದ ಕೆಲಸಕ್ಕೆ ಆ ಮೂಲೆಯನ್ನು ಬಳಸುವಂತಿಲ್ಲ. ಮೊದಲನೆಯದು ಬಿದ್ದೊಡನೆ ಎರಡನೆಯದು ಎದ್ದು, ತನ್ನ ಮೂಲೆಯಲ್ಲಿಯೇ ಕುಳಿತು, ಹಲಗೆಯ ಬರಹವನ್ನು ಡಿಸ್ಕಿಗೋ ದೂರದ ಯಂತ್ರಕ್ಕೋ ನಕಲು ಮಾಡುತ್ತದೆ. ಬೇಡದ ಭಾಗವನ್ನು ಜರಡಿ ಹಿಡಿಯಲು ಮೇಕ್‌ಡಂಪ್‌ಫೈಲ್ ಎಂಬ ಸಾಧನವಿದೆ. ನಕಲು ಮುಗಿದ ಮೇಲೆ ಯಂತ್ರ ಮಾಮೂಲಿನಂತೆ ಕೆಲಸಕ್ಕೆ ಮರಳುತ್ತದೆ; ಕಾರಣವನ್ನು ಎಂಜಿನಿಯರರು ಬಿಡುವಾಗಿ ಹುಡುಕಬಹುದು.

ಇದಕ್ಕೆ ತೆರಬೇಕಾದ ಬೆಲೆಯೆಂದರೆ ಆ ಮೂಲೆಯ ಮೆಮೊರಿ: ಯಂತ್ರಕ್ಕೆ ತಕ್ಕಂತೆ 128 ಎಂ.ಬಿ., 256 ಎಂ.ಬಿ., ಕೆಲವೆಡೆ ಇನ್ನೂ ಹೆಚ್ಚು. ಸುಮ್ಮನೆ ಬಿದ್ದಿರುವ ಜಾಗವಲ್ಲವೇ ಎಂದು ಅದನ್ನು ಕಿತ್ತುಹಾಕುವ ಆಸೆಯೂ ಹುಟ್ಟುತ್ತದೆ. ಕರೆಂಟು ಹೋದರೆ ಇದರಿಂದ ಪ್ರಯೋಜನವಿಲ್ಲವೆಂಬುದೂ ನಿಜ. ಆದರೆ ಸಾಕ್ಷ್ಯವೇ ಇಲ್ಲದಿದ್ದರೆ ಅದೇ ಯಂತ್ರ ನಾಳೆಯೂ ಬೀಳಬಹುದು. ತಪ್ಪು ಮಾತ್ರ ಪಾಳಿಯಲ್ಲಿದ್ದ ಹುಡುಗನ ಅಥವಾ ಹುಡುಗಿಯ ತಲೆಗೆ ಬರುತ್ತದೆ. ಆಪತ್ತಿಗೆಂದು ಸಾಸಿವೆ ಡಬ್ಬಿಯಲ್ಲಿ ನಾಲ್ಕು ಕಾಸು ಬಚ್ಚಿಡುವ ನಮ್ಮ ಗೃಹಿಣಿಯರಿಗೆ ಈ ಮೂಲೆಯ ಬೆಲೆ ಬೇಗನೆ ತಿಳಿದೀತು. ಬೆಂಕಿ ಬಿದ್ದ ಮೇಲೆ ಬಾವಿ ತೋಡಲಾಗದು.